‘ಕಂಪನಿ ಕೊಟ್ಟಿತು’ ಎನ್ನುವ ಹಣ ಯಾರದು, ಹೋಗಿದ್ದೆಲ್ಲಿಗೆ?

ಪ್ರಶ್ನೆ: ಅಮೆರಿಕದ ಒಂದು ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದೇನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಬಂತು. ಈಗ ಕಂಪನಿಯ ‘ಪ್ಯಾಕ್’ಗೆ (ರಾಜಕೀಯ ದೇಣಿಗೆಯ ನಿಧಿಗೆ) ಪ್ರತಿ ಸಂಬಳದಿಂದ ಇಂತಿಷ್ಟು ಕೊಡಿ ಎಂದು ಇಮೇಲ್ ಬಂದಿದೆ. ಕಂಪನಿಗಳು ಅಭ್ಯರ್ಥಿಗಳಿಗೆ ಹಣ ಕೊಡುವುದು ಇಲ್ಲಿ ಕಾನೂನುಬಾಹಿರ ಎಂದು ಎಲ್ಲೋ ಓದಿದ್ದೆ. ಆದರೆ ಒಂದು ವೆಬ್‌ಸೈಟಿನಲ್ಲಿ ನೋಡಿದರೆ ನಮ್ಮ ಕಂಪನಿ ಎರಡೂ ಪಕ್ಷಗಳ ಅಭ್ಯರ್ಥಿಗಳಿಗೆ, ಪಕ್ಷದ ಸಮಿತಿಗಳಿಗೆ ಲಕ್ಷಾಂತರ ಡಾಲರ್ ಕೊಟ್ಟಿದೆ ಎಂದಿದೆ. ಯಾವುದು ನಿಜ? ನಾನು ಕೊಡದಿದ್ದರೆ ಕೆಲಸಕ್ಕೆ ತೊಂದರೆಯಾದೀತೇ? ನಮ್ಮ ತಂಡದ ಗೆಳೆಯನೊಬ್ಬ ಇನ್ನೂ ಎಚ್-1ಬಿ ಕೆಲಸದ ವೀಸಾದಲ್ಲಿದ್ದಾನೆ, ಅವನಿಗೂ ಇದೇ ಇಮೇಲ್ ಬಂದಿದೆ. ಅವನು ಕೊಡಬಹುದೇ?

ಉತ್ತರ: ನಿಮ್ಮ ಗೆಳೆಯನ ವಿಷಯ ಮೊದಲು ಮುಗಿಸೋಣ. ಅದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಎಚ್-1ಬಿಯಲ್ಲಿರುವವರು ಒಂದು ಡಾಲರ್ ಕೂಡ ಕೊಡುವಂತಿಲ್ಲ. ಅಧ್ಯಕ್ಷರ ಚುನಾವಣೆಯಿರಲಿ, ಊರಿನ ಮೇಯರ್ ಚುನಾವಣೆಯಿರಲಿ, ವಿದೇಶಿ ಪ್ರಜೆಗಳ ಹಣ ಅದರೊಳಗೆ ಬರಕೂಡದು ಎಂದು ಫೆಡರಲ್ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಈ ನಿಷೇಧದಿಂದ ಹೊರಗಿಟ್ಟಿದ್ದಾರೆ. ಹಾಗಾಗಿ ನೀವು ಕೊಡಬಹುದು, ಅವರು ಕೊಡುವಂತಿಲ್ಲ. ಅವರಿಗೆ ಇಮೇಲ್ ಹೋಗಿದ್ದು ಪಟ್ಟಿ ಸೋಸುವಲ್ಲಿ ಆದ ಎಡವಟ್ಟಿರಬೇಕು. ‘ಕಂಪನಿಯೇ ಕೇಳಿತಲ್ಲ’ ಎಂದು ಅವರು ಕೊಟ್ಟುಬಿಟ್ಟರೆ ತಪ್ಪು ಇಬ್ಬರದ್ದೂ ಆಗುತ್ತದೆ. ಕೊಡುವುದಷ್ಟೇ ಅಲ್ಲ, ಪ್ಯಾಕ್‌ನ ಹಣ ಯಾರಿಗೆ ಹೋಗಬೇಕೆಂದು ತೀರ್ಮಾನಿಸುವ ಸಭೆಯಲ್ಲೂ ಅವರು ಭಾಗವಹಿಸುವಂತಿಲ್ಲ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ನೀವು ಓದಿದ್ದೂ ನಿಜ, ವೆಬ್‌ಸೈಟಿನಲ್ಲಿ ಕಂಡಿದ್ದೂ ಒಂದು ಅರ್ಥದಲ್ಲಿ ನಿಜ. ‘ಇಂಥ ಕಂಪನಿ ಇಂಥವರಿಗೆ ಕೊಟ್ಟಿತು’ ಎಂಬ ಒಂದೇ ವಾಕ್ಯದೊಳಗೆ ಬೇರೆ ಬೇರೆ ಜೇಬಿನ ಹಣ ಸೇರಿಕೊಂಡಿರುತ್ತದೆ. ಅಂಥ ಸುದ್ದಿ ಕಂಡಾಗಲೆಲ್ಲ ಎರಡು ಪ್ರಶ್ನೆ ಕೇಳಿಕೊಳ್ಳಿ: ಹಣ ಹೊರಟಿದ್ದು ಯಾರ ಜೇಬಿನಿಂದ? ಸೇರಿದ್ದು ಯಾವ ಖಾತೆಗೆ? ಪತ್ರಿಕೆಗಳ ತಲೆಬರಹದಲ್ಲಿ ಈ ಎರಡೂ ಸಾಮಾನ್ಯವಾಗಿ ಇರುವುದಿಲ್ಲ.

ನಿಷೇಧದ ಕಥೆ ಹಳೆಯದು. 1896ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮೆಕಿನ್ಲಿಯವರ ಪ್ರಚಾರ ನಡೆಸಿದ ಮಾರ್ಕ್ ಹಾನಾ, ಬ್ಯಾಂಕುಗಳಿಗೆ ಅವುಗಳ ಬಂಡವಾಳದ ಶೇ. 0.25ರಷ್ಟು ಕೊಡಿ ಎಂದು ಕಂದಾಯ ಕಟ್ಟಿಸಿಕೊಂಡ ಹಾಗೆ ವಸೂಲಿ ಮಾಡಿದ್ದರು. 1905ರಲ್ಲಿ ನ್ಯೂಯಾರ್ಕ್ ಶಾಸಕಾಂಗ ವಿಮಾ ಕಂಪನಿಗಳ ವ್ಯವಹಾರ ತನಿಖೆ ಮಾಡಿದಾಗ, ನ್ಯೂಯಾರ್ಕ್ ಲೈಫ್ ಕಂಪನಿ ಹಿಂದಿನ ವರ್ಷ ಥಿಯೊಡೋರ್ ರೂಸ್‌ವೆಲ್ಟ್ ಪ್ರಚಾರಕ್ಕೆ ಸುಮಾರು 48,000 ಡಾಲರ್ ಕೊಟ್ಟಿದ್ದು ಬಯಲಾಯಿತು. ಜನರನ್ನು ಕೆರಳಿಸಿದ್ದು ರಾಜಕೀಯಕ್ಕೆ ಹಣ ಹೋಯಿತು ಎಂಬುದಷ್ಟೇ ಅಲ್ಲ. ವಿಮೆಯ ಕಂತು ಕಟ್ಟಿದವರು ತಮ್ಮ ಸಾವಿನ ನಂತರ ಹೆಂಡತಿ ಮಕ್ಕಳಿಗೆ ಆಗಲಿ ಎಂದು ಕೊಟ್ಟ ದುಡ್ಡನ್ನು ಆಡಳಿತ ಮಂಡಳಿಯವರು ತಮಗೆ ಬೇಕಾದ ಪಕ್ಷಕ್ಕೆ ಹಂಚಿದ್ದರು. ಅದರಲ್ಲಿ ಎದುರು ಪಕ್ಷಕ್ಕೆ ಮತ ಹಾಕುವವರ ದುಡ್ಡೂ ಇತ್ತಲ್ಲ! ಈ ಆಕ್ಷೇಪ ಇವತ್ತಿಗೂ ಹಳತಾಗಿಲ್ಲ. ಷೇರುದಾರರು ಈಗಲೂ ಎತ್ತುವುದು ಇದನ್ನೇ. 1907ರಲ್ಲಿ ಟಿಲ್ಮನ್ ಕಾಯಿದೆ ಬಂತು. ಫೆಡರಲ್ ಚುನಾವಣೆಗೆ, ಅಂದರೆ ಅಧ್ಯಕ್ಷ, ಸೆನೆಟ್ (ಸಂಸತ್ತಿನ ಮೇಲ್ಮನೆ) ಮತ್ತು ಹೌಸ್ (ಕೆಳಮನೆ) ಚುನಾವಣೆಗೆ, ಕಾರ್ಪೊರೇಷನ್ನುಗಳು ತಮ್ಮ ಬೊಕ್ಕಸದಿಂದ ದೇಣಿಗೆ ಕೊಡುವಂತಿಲ್ಲ ಎಂದಾಯಿತು. ಕಾಯಿದೆಗೆ ಹೆಸರು ಕೊಟ್ಟ ಸೆನೆಟರ್ ಬೆಂಜಮಿನ್ ಟಿಲ್ಮನ್ ಕಪ್ಪು ಜನರ ಮತದಾನದ ಹಕ್ಕನ್ನು ಕಿತ್ತುಕೊಳ್ಳಲು ಜೀವಮಾನವಿಡೀ ಹೋರಾಡಿದ ಮನುಷ್ಯ. ಅವರನ್ನು ಪ್ರಜಾಪ್ರಭುತ್ವದ ಕಾವಲುಗಾರರೆಂದು ಯಾರಾದರೂ ಹೊಗಳಿದರೆ ತಲೆಯಾಡಿಸಬೇಡಿ.

ಕಾಯಿದೆ ಬಂದರೂ ಜಾರಿ ಮಾಡುವವರು ಇರಲಿಲ್ಲ. ಅರವತ್ತು ಚಿಲ್ಲರೆ ವರ್ಷ ಅದು ಪುಸ್ತಕದಲ್ಲೇ ಉಳಿಯಿತು ಎಂದರೂ ತಪ್ಪಾಗದು. ಅಧ್ಯಕ್ಷ ನಿಕ್ಸನ್ ಅವರ ರಾಜೀನಾಮೆಗೆ ಕಾರಣವಾದ ವಾಟರ್‌ಗೇಟ್ ಹಗರಣದ ತನಿಖೆಯ ವೇಳೆ ಅವರ ಪ್ರಚಾರಕ್ಕೆ ಕಂಪನಿಗಳ ಹಣ ಗುಟ್ಟಾಗಿ ಹೋದದ್ದು ಹೊರಬಂತು; ಅಮೆರಿಕನ್ ಏರ್‌ಲೈನ್ಸ್, ಗುಡ್‌ಇಯರ್, ಗಲ್ಫ್ ಆಯಿಲ್ ಮೊದಲಾದ ಕಂಪನಿಗಳು 1973ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವು. ಆ ಬಿಸಿಯಲ್ಲೇ 1974ರ ತಿದ್ದುಪಡಿ ಬಂದು ಫೆಡರಲ್ ಚುನಾವಣಾ ಆಯೋಗ ಹುಟ್ಟಿತು, ದೇಣಿಗೆಗೆ ಮಿತಿ ಬಂತು. ಕಂಪನಿ ನೇರವಾಗಿ ಕೊಡಬಾರದೆಂಬ ನಿಯಮ ಇಂದಿಗೂ ಜಾರಿಯಲ್ಲಿದೆ. 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪು ಅದನ್ನು ಅಳಿಸಿಹಾಕಿತು ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು, ಆ ವಿಷಯ ಮುಂದೆ ಬರುತ್ತದೆ.

ಭಾರತದ ಪದ್ಧತಿ ತಲೆಯಲ್ಲಿದ್ದರೆ ಇದು ಗೊಂದಲ ಅನಿಸುವುದು ಸಹಜ. ನಮ್ಮಲ್ಲಿ ಕಂಪನಿಯೇ ಪಕ್ಷಕ್ಕೆ ದೇಣಿಗೆ ಕೊಡಬಹುದು. ಕಂಪನಿ ಕಾಯಿದೆಯ 182ನೇ ಕಲಮಿನ ಪ್ರಕಾರ ನಿರ್ದೇಶಕ ಮಂಡಳಿಯ ನಿರ್ಣಯ ಬೇಕು, ಕಂಪನಿಗೆ ಮೂರು ವರ್ಷವಾದರೂ ತುಂಬಿರಬೇಕು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5 ಎಂಬ ಮಿತಿಯನ್ನು 2017ರಲ್ಲಿ ತೆಗೆದಿದ್ದರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿದಾಗ ಆ ತಿದ್ದುಪಡಿಯೂ ಬಿತ್ತು. ಅಮೆರಿಕದಲ್ಲಿ ಫೆಡರಲ್ ಮಟ್ಟದಲ್ಲಿ ಕಂಪನಿಯ ಲಾಭ ಎಷ್ಟೇ ಇರಲಿ, ಅಭ್ಯರ್ಥಿಗಾಗಲಿ ಪಕ್ಷಕ್ಕಾಗಲಿ ಅದರಿಂದ ಒಂದು ಪೈಸೆ ಹೋಗುವಂತಿಲ್ಲ. ಬದಲಿಗೆ ತನ್ನ ಜನರಿಂದ ಹಣ ಕೂಡಿಸಿ ಕೊಡುವ ಒಂದು ನಿಧಿಯನ್ನು ಕಂಪನಿ ಸ್ಥಾಪಿಸಬಹುದು. ನಿಮಗೆ ಇಮೇಲ್ ಕಳಿಸಿದ್ದು ಆ ನಿಧಿ.

ಈ ನಿಧಿಗೆ ಪ್ಯಾಕ್ ಎನ್ನುತ್ತಾರೆ, ಪೊಲಿಟಿಕಲ್ ಆ್ಯಕ್ಷನ್ ಕಮಿಟಿ. ಇದನ್ನು ಮೊದಲು ಕಂಡುಹಿಡಿದವರು ಕಂಪನಿಗಳಲ್ಲ, ಕಾರ್ಮಿಕ ಸಂಘಟನೆಗಳು. 1943ರಲ್ಲಿ ಸಂಘಗಳ ದೇಣಿಗೆಗೂ ತಡೆ ಬಿದ್ದಾಗ ಸಿಐಒ ಎಂಬ ಕಾರ್ಮಿಕ ಒಕ್ಕೂಟ ಸದಸ್ಯರ ಸ್ವಯಂಪ್ರೇರಿತ ಚಂದಾದಿಂದ ಮೊದಲ ಪ್ಯಾಕ್ ಕಟ್ಟಿತು. ಕಂಪನಿಗಳು ಈ ದಾರಿ ಹಿಡಿದಿದ್ದು ಬಹಳ ತಡವಾಗಿ. ಸನ್ ಆಯಿಲ್ ಎಂಬ ತೈಲ ಕಂಪನಿ ‘ನಮ್ಮ ನೌಕರರಿಂದ ಹಣ ಕೇಳಬಹುದೇ, ನಿಧಿಯ ಖರ್ಚನ್ನು ಕಂಪನಿಯೇ ಭರಿಸಬಹುದೇ’ ಎಂದು ಆಯೋಗವನ್ನು ಕೇಳಿತು. 1975ರ ಕೊನೆಯಲ್ಲಿ ಆಯೋಗ ಹೂಂ ಎಂದಿತು. 1974ರಲ್ಲಿ 89 ಇದ್ದ ಕಂಪನಿ ಪ್ಯಾಕ್‌ಗಳು 1980ರ ಹೊತ್ತಿಗೆ 1,200 ದಾಟಿದವು.

ಪ್ಯಾಕ್‌ನ ಲೆಕ್ಕ ಹೀಗೆ. ಅದರ ಕಚೇರಿ, ಸಿಬ್ಬಂದಿ, ವಕೀಲರು, ಇಮೇಲ್ ಕಳಿಸುವ ಖರ್ಚು, ಇವೆಲ್ಲ ಕಂಪನಿಯ ಬೊಕ್ಕಸದಿಂದ. ಅಭ್ಯರ್ಥಿಗೆ ಹೋಗುವ ದುಡ್ಡು ಮಾತ್ರ ನಿಮ್ಮಂಥವರ ಸಂಬಳದಿಂದ. ಒಬ್ಬರು ವರ್ಷಕ್ಕೆ 5,000 ಡಾಲರಿಗಿಂತ ಹೆಚ್ಚು ಕೊಡುವಂತಿಲ್ಲ. ಪ್ಯಾಕ್ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಕೊಡಬಹುದಾದದ್ದೂ 5,000. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಒಂದು, ಸಾರ್ವತ್ರಿಕ ಚುನಾವಣೆ ಒಂದು ಎಂದು ಬೇರೆ ಬೇರೆ ಎಣಿಸುವುದರಿಂದ ಒಟ್ಟು 10,000 ಆಗುತ್ತದೆ. ನಾಯಕರು ತಮ್ಮ ಹಿಂಬಾಲಕರಿಗೆ ಹಂಚಲೆಂದು ಇಟ್ಟುಕೊಂಡಿರುವ ‘ಲೀಡರ್‌ಶಿಪ್ ಪ್ಯಾಕ್’ಗೆ ವರ್ಷಕ್ಕೆ ಇನ್ನೊಂದು 5,000. ತಮಾಷೆಯೆಂದರೆ ಈ ಅಂಕಿ 1970ರ ದಶಕದಿಂದ ಒಂದಿಂಚೂ ಕದಲಿಲ್ಲ. ವ್ಯಕ್ತಿಗಳು ಅಭ್ಯರ್ಥಿಗೆ ನೇರವಾಗಿ ಕೊಡುವ ಮಿತಿಯನ್ನು 2002ರ ಕಾಯಿದೆ ಬೆಲೆಯೇರಿಕೆಗೆ ಜೋಡಿಸಿತು. 1,000 ಇದ್ದದ್ದು 2025–26ಕ್ಕೆ 3,500 ಆಗಿದೆ. ಪ್ಯಾಕ್‌ನ ಮಿತಿಯನ್ನು ಜೋಡಿಸಲಿಲ್ಲ. ಒಂದು ಕಾಲಕ್ಕೆ ಭಾರೀ ಎನಿಸಿದ್ದ ಪ್ಯಾಕ್ ಚೆಕ್ಕು ಈಗ ಗಂಡ ಹೆಂಡತಿ ಇಬ್ಬರೂ ಸೇರಿ ಕೊಡುವ ದೇಣಿಗೆಗಿಂತ ಕಡಿಮೆ.

ಇಷ್ಟು ಸಣ್ಣ ಮೊತ್ತಕ್ಕೆ ಕಂಪನಿಗಳು ಏಕೆ ಇಷ್ಟು ತಲೆಕೆಡಿಸಿಕೊಳ್ಳುತ್ತವೆ? ಐದು ಸಾವಿರ ಡಾಲರಿಗೆ ಯಾವ ಸಂಸದರ ಮತವೂ ಬರುವುದಿಲ್ಲ. ನಿಧಿಸಂಗ್ರಹದ ಉಪಾಹಾರ ಕೂಟದಲ್ಲಿ ಕಂಪನಿಯ ಲಾಬಿದಾರರಿಗೆ ಒಂದು ಕುರ್ಚಿ ಬರುತ್ತದೆ. ಆ ಕುರ್ಚಿಯೇ ಬೇಕಾದದ್ದು. ಎರಡೂ ಪಕ್ಷಗಳಿಗೆ ಏಕೆ ಕೊಡುತ್ತಾರೆಂದು ನಿಮಗೆ ಅಚ್ಚರಿಯಾಯಿತಲ್ಲ, ಅದಕ್ಕೂ ಇದೇ ಉತ್ತರ. ಕಂಪನಿ ಪ್ಯಾಕ್‌ಗಳು ಸಿದ್ಧಾಂತ ನೋಡಿ ಕೊಡುವುದು ಅಪರೂಪ. ಈಗಾಗಲೇ ಕುರ್ಚಿಯಲ್ಲಿರುವವರಿಗೆ, ಅದರಲ್ಲೂ ತಮ್ಮ ಉದ್ಯಮಕ್ಕೆ ಸಂಬಂಧಪಟ್ಟ ಸಂಸದೀಯ ಸಮಿತಿಯಲ್ಲಿ ಕೂತವರಿಗೆ ಕೊಡುತ್ತವೆ. ತೆರಿಗೆ ಸಮಿತಿಯ ಅಧ್ಯಕ್ಷರು ಬದಲಾದರೆ ಪ್ಯಾಕ್‌ನ ಪಟ್ಟಿಯೂ ಬದಲಾಗುತ್ತದೆ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನದಲ್ಲಿ ನಡೆದ ಗಲಭೆಯ ನಂತರ, ಚುನಾವಣಾ ಫಲಿತಾಂಶಕ್ಕೆ ಆಕ್ಷೇಪ ಎತ್ತಿದ 147 ರಿಪಬ್ಲಿಕನ್ ಸಂಸದರಿಗೆ ಇನ್ನು ಕೊಡುವುದಿಲ್ಲವೆಂದು ಹಲವು ಕಂಪನಿಗಳು ಘೋಷಿಸಿದ್ದವು. ಅವುಗಳಲ್ಲಿ ಬಹಳಷ್ಟು ಕಂಪನಿಗಳು ಸದ್ದಿಲ್ಲದೆ ಮತ್ತೆ ಶುರು ಮಾಡಿದವು. ತತ್ವದಿಂದ ನಿಲ್ಲಿಸಿದ್ದನ್ನು ಕುರ್ಚಿಯ ಅಗತ್ಯ ಮತ್ತೆ ತೆರೆಸಿತು ಅಂತ ನಾನು ಓದಿಕೊಳ್ಳುತ್ತೇನೆ.

ಪಕ್ಷದ ಸಮಿತಿಗಳದ್ದು ಬೇರೆಯೇ ಅಧ್ಯಾಯ. ರಾಷ್ಟ್ರಮಟ್ಟದಲ್ಲಿ ಪ್ರತಿ ಪಕ್ಷಕ್ಕೆ ಮೂರು ಸಮಿತಿಗಳಿವೆ: ಒಂದು ಇಡೀ ಪಕ್ಷಕ್ಕೆ, ಒಂದು ಸೆನೆಟ್ ಚುನಾವಣೆಗೆ, ಇನ್ನೊಂದು ಹೌಸ್ ಚುನಾವಣೆಗೆ. ಪ್ಯಾಕ್ ಒಂದೊಂದು ಸಮಿತಿಗೂ ವರ್ಷಕ್ಕೆ 15,000 ಡಾಲರ್ ಕೊಡಬಹುದು. 2014ರ ಕೊನೆಯಲ್ಲಿ ಬಜೆಟ್ ಮಸೂದೆಯೊಳಗೆ ತೂರಿಸಿದ ಒಂದು ತಿದ್ದುಪಡಿಯಿಂದಾಗಿ ಪಕ್ಷದ ಕಟ್ಟಡ, ಸಮಾವೇಶ, ವಕೀಲರ ಖರ್ಚಿನ ವಿಶೇಷ ಖಾತೆಗಳಿಗೆ ಪ್ರತ್ಯೇಕವಾಗಿ, ಆ ಮಿತಿಯ ಮೂರು ಪಟ್ಟು ಕೊಡಲೂ ದಾರಿಯಾಯಿತು. ಆದರೆ ಕಂಪನಿಯ ಬೊಕ್ಕಸದ ಹಣ ಈ ಆರು ಸಮಿತಿಗಳಲ್ಲಿ ಯಾವುದಕ್ಕೂ ಹೋಗುವಂತಿಲ್ಲ.

ಹಿಂದೆ ಹೋಗುತ್ತಿತ್ತು. ‘ಸಾಫ್ಟ್ ಮನಿ’ ಎಂದು ಕರೆಯುತ್ತಿದ್ದ ಆ ಹಣ ಅಭ್ಯರ್ಥಿಗಲ್ಲ, ಪಕ್ಷ ಕಟ್ಟುವುದಕ್ಕೆ ಎಂಬ ನೆಪದಲ್ಲಿ ಮಿತಿಯೇ ಇಲ್ಲದೆ ಹರಿಯುತ್ತಿತ್ತು. 2000ದ ಚುನಾವಣೆಯ ಹೊತ್ತಿಗೆ ಎರಡೂ ಪಕ್ಷಗಳು ಸೇರಿ ಇಂಥ ಸುಮಾರು 50 ಕೋಟಿ ಡಾಲರ್ ಎತ್ತಿದವು. ಪಕ್ಷ ಕಟ್ಟುವ ಹಣದಲ್ಲಿ ಟಿವಿ ಜಾಹೀರಾತು ಬರುತ್ತಿದ್ದವು. ‘ಇವರಿಗೆ ಮತ ಹಾಕಿ’ ಎಂಬ ಮಾತೊಂದನ್ನು ಬಿಟ್ಟು ಉಳಿದಿದ್ದೆಲ್ಲ ಅದರಲ್ಲಿರುತ್ತಿತ್ತು. 2001ರ ಡಿಸೆಂಬರಿನಲ್ಲಿ ಇಂಧನ ಕಂಪನಿ ಎನ್ರಾನ್ ಮುಳುಗಿದಾಗ ಅದು ಎಷ್ಟು ದೊಡ್ಡ ದಾನಿಯಾಗಿತ್ತು ಎಂಬುದೂ ಸುದ್ದಿಯಾಯಿತು. ವರ್ಷಗಟ್ಟಲೆ ಧೂಳು ಹಿಡಿದಿದ್ದ ಮೆಕೇನ್–ಫೈನ್‌ಗೋಲ್ಡ್ ಮಸೂದೆ 2002ರ ಮಾರ್ಚಿನಲ್ಲಿ ಕಾನೂನಾಯಿತು. ಪಕ್ಷಗಳಿಗೆ ಆ ಬಾಗಿಲು ಅಂದು ಮುಚ್ಚಿತು. ಹಣ ಮನೆಗೆ ಹೋಗಲಿಲ್ಲ, ಪಕ್ಷದ ಹೊರಗೆ ನಿಂತ ಸಂಘಟನೆಗಳತ್ತ ತಿರುಗಿತು.

ಈಗ 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪಿನ ಮಾತು. ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಹೇಳಿದ್ದಿಷ್ಟು: ಅಭ್ಯರ್ಥಿಯ ಜತೆ ಸಮಾಲೋಚನೆ ಮಾಡದೆ, ಸ್ವತಂತ್ರವಾಗಿ, ಒಬ್ಬರ ಪರವಾಗಿಯೋ ವಿರುದ್ಧವಾಗಿಯೋ ಪ್ರಚಾರಕ್ಕೆ ಖರ್ಚು ಮಾಡುವುದನ್ನು ಕಂಪನಿಗಳಿಗೆ ನಿಷೇಧಿಸುವಂತಿಲ್ಲ. ಅಭ್ಯರ್ಥಿಯ ಕೈಗೆ ಹಣ ಕೊಡಬಹುದು ಎನ್ನಲಿಲ್ಲ. ಎರಡು ತಿಂಗಳಲ್ಲಿ ‘ಸ್ಪೀಚ್‌ನೌ’ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಇದನ್ನು ಮುಂದುವರಿಸಿ, ಸ್ವತಂತ್ರ ಪ್ರಚಾರವನ್ನಷ್ಟೇ ಮಾಡುವ ಗುಂಪುಗಳಿಗೆ ಕೊಡುವ ಹಣಕ್ಕೆ ಮಿತಿ ಹಾಕುವಂತಿಲ್ಲ ಎಂದಿತು. ಸೂಪರ್ ಪ್ಯಾಕ್ ಹುಟ್ಟಿದ್ದು ಹಾಗೆ. ನಿಮ್ಮ ಕಂಪನಿಯ ಪ್ಯಾಕ್‌ಗೂ ಸೂಪರ್ ಪ್ಯಾಕ್‌ಗೂ ಹೆಸರಿನ ನೆಂಟಸ್ತಿಕೆ ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ಕಂಪನಿಯ ಬೊಕ್ಕಸದ ಹಣವೇ ಹೋಗಬಹುದು, ಎಷ್ಟು ಬೇಕಾದರೂ. ಅಭ್ಯರ್ಥಿಗೆ ನೇರ ದೇಣಿಗೆ ಮಾತ್ರ ಕೊಡುವಂತಿಲ್ಲ.

ಷೇರುಪೇಟೆಯಲ್ಲಿರುವ ಹೆಸರಾಂತ ಕಂಪನಿಗಳು ತಮ್ಮದೇ ಹೆಸರಿನಲ್ಲಿ ಸೂಪರ್ ಪ್ಯಾಕ್‌ಗೆ ಚೆಕ್ಕು ಬರೆಯಲು ಹಿಂಜರಿಯುತ್ತವೆ. ದಾನಿಯ ಹೆಸರು ಪಟ್ಟಿಯಲ್ಲಿ ಬರುತ್ತದೆ, ಗ್ರಾಹಕರಲ್ಲಿ ಅರ್ಧದಷ್ಟು ಜನ ಮುನಿಸಿಕೊಳ್ಳುತ್ತಾರೆ. 2012ರಲ್ಲಿ ಶೆವ್ರಾನ್ 25 ಲಕ್ಷ ಡಾಲರನ್ನು ಹೌಸ್ ರಿಪಬ್ಲಿಕನ್ನರ ಪರವಾದ ಸೂಪರ್ ಪ್ಯಾಕ್‌ಗೆ ಕೊಟ್ಟಾಗ ಅದೇ ದೊಡ್ಡ ಸುದ್ದಿಯಾಗಿತ್ತು. 2024ರಲ್ಲಿ ಕ್ರಿಪ್ಟೋ ಉದ್ಯಮ ಆ ಸಂಕೋಚವನ್ನು ಬಿಟ್ಟಿತು. ಕಾಯಿನ್‌ಬೇಸ್, ರಿಪಲ್ ಕಂಪನಿಗಳು ‘ಫೇರ್‌ಶೇಕ್’ ಎಂಬ ಸೂಪರ್ ಪ್ಯಾಕ್‌ಗೆ ಕೋಟಿಗಟ್ಟಲೆ ಡಾಲರ್ ಸುರಿದವು. ಇನ್ನು ಫೆಡರಲ್ ಸರ್ಕಾರದ ಗುತ್ತಿಗೆ ಪಡೆದ ಕಂಪನಿಗಳಿಗೆ ಸೂಪರ್ ಪ್ಯಾಕ್ ದಾರಿಯೂ ಬಂದ್. ಬೋಸ್ಟನ್ನಿನ ಸಫೋಕ್ ಕನ್‌ಸ್ಟ್ರಕ್ಷನ್ ಎಂಬ ಕಟ್ಟಡ ಕಂಪನಿ ಗುತ್ತಿಗೆ ಇಟ್ಟುಕೊಂಡೇ ಹಿಲರಿ ಕ್ಲಿಂಟನ್ ಪರವಾದ ಸೂಪರ್ ಪ್ಯಾಕ್‌ಗೆ 2 ಲಕ್ಷ ಡಾಲರ್ ಕೊಟ್ಟು, 34,000 ಡಾಲರ್ ದಂಡ ಕಟ್ಟಿತು.

ನಿಮ್ಮ ಕಂಪನಿಯ ಬೊಕ್ಕಸದ ಹಣ ನಿಜಕ್ಕೂ ಎಲ್ಲಿ ಹೋಗುತ್ತದೆ ಎಂದು ತಿಳಿಯಬೇಕಾದರೆ ವಾಷಿಂಗ್ಟನ್ನಿನಿಂದ ಕಣ್ಣು ತೆಗೆದು ರಾಜ್ಯಗಳತ್ತ ನೋಡಬೇಕು. ಟಿಲ್ಮನ್ ಕಾಯಿದೆ ಅನ್ವಯಿಸುವುದು ಫೆಡರಲ್ ಚುನಾವಣೆಗೆ. ಗವರ್ನರ್, ರಾಜ್ಯ ಶಾಸಕಾಂಗದ ಚುನಾವಣೆಗೆ ಪ್ರತಿ ರಾಜ್ಯಕ್ಕೂ ಅದರದ್ದೇ ಕಾನೂನು. ಟೆಕ್ಸಸ್ ಕಂಪನಿಗಳ ದೇಣಿಗೆಯನ್ನು ಪೂರ್ತಿ ನಿಷೇಧಿಸಿದೆ. ಕ್ಯಾಲಿಫೋರ್ನಿಯಾ ಮಿತಿಯೊಳಗೆ ಬಿಟ್ಟಿದೆ. ವರ್ಜೀನಿಯಾದಲ್ಲಿ ಮಿತಿಯೇ ಇಲ್ಲ. ಅಲ್ಲಿನ ವಿದ್ಯುತ್ ಕಂಪನಿ ಡೊಮಿನಿಯನ್, ತನ್ನ ದರ ನಿಗದಿಗೆ ಸಂಬಂಧಿಸಿದ ಕಾನೂನು ಮಾಡುವ ಶಾಸಕರಿಗೇ ದಶಕಗಳಿಂದ ದೊಡ್ಡ ದಾನಿಯಾಗಿದೆ, ಮತ್ತು ಅದೆಲ್ಲ ಕಾನೂನುಬದ್ಧ. ಇದರ ಮೇಲೆ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಗವರ್ನರುಗಳ ಸಂಘಗಳಿವೆ. ಕಂಪನಿಗಳಿಂದ ಮಿತಿಯಿಲ್ಲದೆ ತೆಗೆದುಕೊಳ್ಳುವ ಈ ಸಂಘಗಳಿಗೆ ಒಂದೇ ಕಂಪನಿ ಎರಡೂ ಕಡೆ ಕೊಡುವುದು ತೀರ ಮಾಮೂಲು. ಅಧ್ಯಕ್ಷರ ಪದಗ್ರಹಣ ಸಮಾರಂಭದ ಸಮಿತಿಗೂ ಮಿತಿಯಿಲ್ಲ. 2025ರ ಜನವರಿಯ ಸಮಾರಂಭಕ್ಕೆ ಮೆಟಾ, ಅಮೆಜಾನ್ ತಲಾ 10 ಲಕ್ಷ ಡಾಲರ್ ಕೊಟ್ಟವು. ಕೋಳಿ ಮಾಂಸದ ಕಂಪನಿ ಪಿಲ್ಗ್ರಿಮ್ಸ್ ಪ್ರೈಡ್ 50 ಲಕ್ಷ ಕೊಟ್ಟಿತು. ಚುನಾವಣೆ ಮುಗಿದ ಮೇಲೆ, ಗೆದ್ದವರು ಯಾರೆಂದು ಗೊತ್ತಾದ ಮೇಲೆ ಕೊಡುವ ಹಣ ಅದು. ಸೋಲುವ ಕುದುರೆಯ ಮೇಲೆ ಕಟ್ಟುವ ಅಪಾಯವೇ ಇಲ್ಲ.

ಇದೆಲ್ಲವೂ ಎಲ್ಲೋ ಒಂದು ಕಡೆ ದಾಖಲಾಗುತ್ತದೆ. ದಾಖಲಾಗದೆ ಹೋಗುವ ಹಣ ಮತ್ತೊಂದಿದೆ. ವ್ಯಾಪಾರ ಒಕ್ಕೂಟಗಳು, ‘ಸಮಾಜ ಕಲ್ಯಾಣ’ ಎಂದು ನೋಂದಾಯಿಸಿಕೊಂಡ ಲಾಭರಹಿತ ಸಂಸ್ಥೆಗಳು ತಮಗೆ ಯಾರು ಕೊಟ್ಟರೆಂದು ಸಾಮಾನ್ಯವಾಗಿ ಸಾರ್ವಜನಿಕರಿಗೆ ಹೇಳಬೇಕಾಗಿಲ್ಲ. ಡಾರ್ಕ್ ಮನಿ ಎನ್ನುವುದು ಇದಕ್ಕೇ. ಓಹಾಯೊದಲ್ಲಿ ಏನಾಯಿತೆಂದು ನೋಡಿ. ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪನಿ ಮತ್ತು ಅದರ ಅಂಗಸಂಸ್ಥೆಯಿಂದ ಸುಮಾರು 6 ಕೋಟಿ ಡಾಲರ್ ಇಂಥದ್ದೇ ಒಂದು ಲಾಭರಹಿತ ಸಂಸ್ಥೆಯ ಮೂಲಕ ಹರಿಯಿತು. ಅದರ ಹಿಂದೆ ಇದ್ದವರು ಲ್ಯಾರಿ ಹೌಸ್‌ಹೋಲ್ಡರ್. ಆ ಹಣದಿಂದ ತಮ್ಮ ಬೆಂಬಲಿಗರನ್ನು ಗೆಲ್ಲಿಸಿಕೊಂಡು ರಾಜ್ಯದ ಕೆಳಮನೆಯ ಸ್ಪೀಕರ್ ಆದರು. 2019ರಲ್ಲಿ ಎರಡು ಅಣು ವಿದ್ಯುತ್ ಸ್ಥಾವರಗಳನ್ನು ಉಳಿಸಲು ನೂರು ಕೋಟಿ ಡಾಲರಿಗೂ ಹೆಚ್ಚಿನ ನೆರವಿನ ಮಸೂದೆ ಪಾಸಾಯಿತು. ಭಾರ ಬಿದ್ದಿದ್ದು ಕರೆಂಟ್ ಬಿಲ್ ಕಟ್ಟುವವರ ಮೇಲೆ. 2023ರಲ್ಲಿ ಹೌಸ್‌ಹೋಲ್ಡರ್‌ಗೆ 20 ವರ್ಷ ಜೈಲಾಯಿತು. ಕಂಪನಿ 2021ರಲ್ಲೇ ತಪ್ಪೊಪ್ಪಿ 23 ಕೋಟಿ ಡಾಲರ್ ದಂಡಕ್ಕೆ ಒಪ್ಪಿತ್ತು. ಇದು ಎಫ್‌ಬಿಐ ತನಿಖೆಯಿಂದ ಹೊರಬಂತೇ ಹೊರತು ದೇಣಿಗೆ ಪಟ್ಟಿ ಓದಿ ಯಾರೂ ಕಂಡುಹಿಡಿಯಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ಪ್ಯಾಕ್ ಎಂದರೆ ಮುಖ ಸಿಂಡರಿಸುವವರು ತಪ್ಪು ಕಡೆ ನೋಡುತ್ತಿದ್ದಾರೆ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಮಿತಿ, ಅತಿ ಹೆಚ್ಚು ಲೆಕ್ಕಪತ್ರ ಇರುವುದು ಅದಕ್ಕೇ. ವರ್ಷಕ್ಕೆ 200 ಡಾಲರಿಗಿಂತ ಹೆಚ್ಚು ಕೊಟ್ಟವರು ಯಾರು, ಹಣ ಯಾರಿಗೆ ಹೋಯಿತು ಎಂಬುದು ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಲೆಕ್ಕ ಸಿಗುವುದರಿಂದಲೇ ಬೈಗುಳವೂ ಅದಕ್ಕೇ ಹೆಚ್ಚು. ಇಷ್ಟಕ್ಕೂ ಆ ಆಯೋಗದ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಆರು ಸದಸ್ಯರು, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚಿರಕೂಡದು, ಯಾವುದೇ ಕ್ರಮಕ್ಕೆ ನಾಲ್ಕು ಮತ ಬೇಕು. ಮೂರು–ಮೂರು ಆಗಿ ಕಡತ ಮುಚ್ಚುವುದು ಅಲ್ಲಿ ಹೊಸದಲ್ಲ. 2025ರಲ್ಲಿ ಸದಸ್ಯರ ಸಂಖ್ಯೆ ನಾಲ್ಕಕ್ಕಿಂತ ಕೆಳಗಿಳಿದು ಕೋರಂ ಕೂಡ ಇಲ್ಲದಂತಾಯಿತು.

ಇನ್ನು ನೀವು ಕಂಡ ವೆಬ್‌ಸೈಟಿನ ಅಂಕಿ. ಅಂಥ ತಾಣಗಳು ಹೆಚ್ಚಾಗಿ ಎರಡು ಬಗೆಯ ಹಣವನ್ನು ಕೂಡಿಸಿ ಕಂಪನಿಯ ಹೆಸರಿನಡಿ ತೋರಿಸುತ್ತವೆ: ಕಂಪನಿಯ ಪ್ಯಾಕ್ ಕೊಟ್ಟದ್ದು, ಮತ್ತು ಅಲ್ಲಿ ಕೆಲಸ ಮಾಡುವವರು ತಮ್ಮ ಸ್ವಂತ ಇಚ್ಛೆಯಿಂದ ಕೊಟ್ಟದ್ದು. ಒಬ್ಬ ಅಭ್ಯರ್ಥಿಗೆ ಒಟ್ಟು 200 ಡಾಲರಿಗಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ಕಸುಬು, ಎಲ್ಲಿ ಕೆಲಸ ಎಂಬುದನ್ನು ಪ್ರಚಾರ ಸಮಿತಿ ಆಯೋಗಕ್ಕೆ ತಿಳಿಸಬೇಕು. ಆ ‘ಎಲ್ಲಿ ಕೆಲಸ’ ಎಂಬ ಅಂಕಣವನ್ನು ಹಿಡಿದು ಲೆಕ್ಕ ಹಾಕಿದರೆ, ನಿಮ್ಮ ಪಕ್ಕದ ಕ್ಯುಬಿಕಲ್‌ನವರು ರಾತ್ರಿ ಮನೆಯಲ್ಲಿ ಕೂತು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ 500 ಡಾಲರೂ ‘ಕಂಪನಿ ಕೊಟ್ಟ’ ಮೊತ್ತಕ್ಕೆ ಸೇರುತ್ತದೆ. ಸಾವಿರಾರು ನೌಕರರಿರುವ ತಂತ್ರಜ್ಞಾನ ಕಂಪನಿಗಳಲ್ಲಿ ಈ ಭಾಗವೇ ಪ್ಯಾಕ್‌ನ ಮೊತ್ತವನ್ನು ಮೀರಿಸಿಬಿಡುತ್ತದೆ. ಹಣ ಸಂಸ್ಥೆಯದ್ದಲ್ಲ ಎಂದು ಆ ತಾಣಗಳೇ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಸ್ಕ್ರೀನ್‌ಶಾಟ್ ಹಂಚುವವರು ಆ ಸಾಲನ್ನು ಕತ್ತರಿಸಿರುತ್ತಾರೆ.

ಈಗ ನಿಮ್ಮ ಕೆಲಸದ ಮಾತು. ಪ್ಯಾಕ್ ಹಣ ಕೇಳಬಹುದಾದದ್ದು ಮುಖ್ಯವಾಗಿ ಷೇರುದಾರರಲ್ಲಿ, ಮತ್ತು ಮಾಸಿಕ ಸಂಬಳದ ಮೇಲ್ವಿಚಾರಕ, ವೃತ್ತಿಪರ ಹುದ್ದೆಯವರಲ್ಲಿ. ಮ್ಯಾನೇಜರ್ ಆದ ಕೂಡಲೇ ಇಮೇಲ್ ಬಂದಿದ್ದರೆ ಕಾರಣ ಇದು. ಕೇಳುವಾಗ ಇದು ರಾಜಕೀಯ ಉದ್ದೇಶಕ್ಕೆ ಎಂದೂ, ಕೊಡದಿರುವ ಹಕ್ಕು ನಿಮಗಿದೆ, ಅದರಿಂದ ಯಾವ ತೊಂದರೆಯೂ ಆಗದು ಎಂದೂ ತಿಳಿಸಲೇಬೇಕು. ‘ಸಂಬಳದ ಶೇಕಡಾ ಇಷ್ಟು’ ಎಂದು ಸೂಚಿಸಬಹುದು, ಆದರೆ ಅದು ಸಲಹೆ ಮಾತ್ರ ಎಂದೂ ಹೇಳಬೇಕು. ಕಾನೂನು ಇಷ್ಟು ಹೇಳುತ್ತದೆ. ಬಡ್ತಿಯ ಸಾಲಿನಲ್ಲಿರುವವರಿಗೆ ಉಪಾಧ್ಯಕ್ಷರೇ ಬಂದು ‘ನಮ್ಮ ಇಡೀ ವಿಭಾಗ ಸೇರಿದೆ, ನೀವೊಬ್ಬರು ಬಾಕಿ’ ಎಂದರೆ ಯಾವ ಕಲಮೂ ತಕ್ಷಣ ಕೈ ಹಿಡಿಯುವುದಿಲ್ಲ, ನಿಜ. ಅಂಥದ್ದು ನಡೆದರೆ ದಿನಾಂಕ ಸಮೇತ ಬರೆದಿಟ್ಟುಕೊಂಡು ಕಂಪನಿಯ ಅನುಸರಣಾ (ಕಂಪ್ಲಯನ್ಸ್) ವಿಭಾಗಕ್ಕೆ ತಿಳಿಸಿ. ಅವರು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ: ಸರ್ಕಾರಿ ಪ್ರಾಯೋಜಕತ್ವದ ಗೃಹಸಾಲ ಸಂಸ್ಥೆ ಫ್ರೆಡ್ಡಿ ಮ್ಯಾಕ್, ತನ್ನ ಸಂಪನ್ಮೂಲ ಬಳಸಿ ಅಭ್ಯರ್ಥಿಗಳಿಗೆ ನಿಧಿಸಂಗ್ರಹ ಕೂಟ ನಡೆಸಿದ್ದಕ್ಕೆ 2006ರಲ್ಲಿ 38 ಲಕ್ಷ ಡಾಲರ್ ದಂಡ ತೆತ್ತಿತು.

ಒಂದು ಅಪಾಯದ ಬಗ್ಗೆ ಮಾತ್ರ ಗಟ್ಟಿಯಾಗಿ ಎಚ್ಚರಿಸುತ್ತೇನೆ. ‘ನೀನು ಕೊಡು, ಬೋನಸ್‌ನಲ್ಲಿ ಸರಿಮಾಡುತ್ತೇವೆ’ ಎಂದು ಯಾರಾದರೂ ಅಂದರೆ ಆ ಕ್ಷಣದಲ್ಲೇ ಬೇಡವೆನ್ನಿ. ಅದು ಇನ್ನೊಬ್ಬರ ಹೆಸರಿನಲ್ಲಿ ಕೊಟ್ಟ ದೇಣಿಗೆಯಾಗುತ್ತದೆ, ಕ್ರಿಮಿನಲ್ ಅಪರಾಧ, ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಕ್ರಿಮಿನಲ್ ಪ್ರಕರಣ ಎಂದರೆ ದಂಡಕ್ಕೆ ಮುಗಿಯುವುದಿಲ್ಲ. ಇದನ್ನು ಬೇರೊಂದು ಕಾನೂನುಬದ್ಧ ರೂಢಿಯ ಜತೆ ಗೊಂದಲ ಮಾಡಿಕೊಳ್ಳಬೇಡಿ. ಹಲವು ಕಂಪನಿಗಳು ನೀವು ಪ್ಯಾಕ್‌ಗೆ ಕೊಟ್ಟಷ್ಟೇ ಹಣವನ್ನು ನೀವು ಹೇಳಿದ ಧರ್ಮಾರ್ಥ ಸಂಸ್ಥೆಗೆ ಕೊಡುತ್ತವೆ. ಅದರಿಂದ ನಿಮಗೆ ತೆರಿಗೆ ವಿನಾಯಿತಿಯಾಗಲಿ ಬೇರೆ ಲಾಭವಾಗಲಿ ಸಿಗದಿದ್ದರೆ ಆಯೋಗದ ತಕರಾರಿಲ್ಲ. ಪ್ಯಾಕ್‌ಗೆ ಕೊಟ್ಟ ಹಣಕ್ಕೂ ತೆರಿಗೆ ವಿನಾಯಿತಿ ಇಲ್ಲ.

ಕೊಡಬೇಕೋ ಬೇಡವೋ? ಆಯೋಗದ ಜಾಲತಾಣದಲ್ಲಿ ನಿಮ್ಮ ಕಂಪನಿ ಪ್ಯಾಕ್‌ನ ಹೆಸರು ಹಾಕಿ, ಕಳೆದ ಎರಡು ವರ್ಷ ಯಾರ್‍ಯಾರಿಗೆ ಹೋಗಿದೆ ಎಂದು ಓದಿ. ಪಟ್ಟಿಯಲ್ಲಿ ನಿಮಗೆ ಸಹಿಸಲಾಗದ ಹೆಸರುಗಳು ಇದ್ದೇ ಇರುತ್ತವೆ, ಏಕೆಂದರೆ ಅದು ಕಂಪನಿಯ ಹಿತಕ್ಕೆ ತಕ್ಕ ಪಟ್ಟಿ, ನಿಮ್ಮ ವಿಚಾರಕ್ಕೆ ತಕ್ಕದ್ದಲ್ಲ. ನಿಮ್ಮ ಉದ್ಯಮದ ಮಾತು ವಾಷಿಂಗ್ಟನ್ನಿನಲ್ಲಿ ಕೇಳಿಸಬೇಕು ಎಂದು ನಿಜಕ್ಕೂ ಅನಿಸಿದರೆ ಕೊಡಿ. ಯಾವಾಗ ಬೇಕಾದರೂ ಕಡಿತ ನಿಲ್ಲಿಸಬಹುದು. ಒಬ್ಬ ಅಭ್ಯರ್ಥಿ ಗೆಲ್ಲಬೇಕೆಂಬುದೇ ಆಸೆಯಾದರೆ ಅವರಿಗೇ ನೇರವಾಗಿ ಕೊಡಿ. ಜಂಟಿ ಖಾತೆಯ ಚೆಕ್ಕಾದರೆ ಸಹಿ ಹಾಕಿದವರೇ ದಾನಿ ಎಂದು ಲೆಕ್ಕ. ಆದ್ದರಿಂದ ಮನೆಯಲ್ಲಿ ಇನ್ನೂ ಗ್ರೀನ್ ಕಾರ್ಡ್ ಬರದವರಿದ್ದರೆ ಸಹಿ ನಿಮ್ಮದೊಂದೇ ಇರಲಿ.

ನಿಮ್ಮ ಗೆಳೆಯನಿಗೂ ದಾರಿ ಪೂರ್ತಿ ಮುಚ್ಚಿಲ್ಲ. ಸಂಬಳ ಪಡೆಯದೆ, ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಕೂರದೆ, ಪ್ರಚಾರದಲ್ಲಿ ಸ್ವಯಂಸೇವಕರಾಗಿ ದುಡಿಯಬಹುದು. ಹಾಗೇ ನಿಮಗೂ ಒಂದು ಮಾತು: ದೇಣಿಗೆ ಕೊಡುವ ಹಕ್ಕು ಬಂದಿದೆಯೆಂದರೆ ಮತ ಹಾಕುವ ಹಕ್ಕೂ ಬಂದಂತೆ ಅಲ್ಲ. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ಆ ಕಚೇರಿಯ ಫಾರಂನಲ್ಲಿ ಮತದಾರರ ನೋಂದಣಿಯ ಚೌಕ ಇರುತ್ತದೆ. ಪೌರತ್ವ ಸಿಗುವ ತನಕ ಅದಕ್ಕೆ ಟಿಕ್ ಹಾಕಬೇಡಿ. ಗುಮಾಸ್ತರು ‘ಹಾಕಿ, ಪರವಾಗಿಲ್ಲ’ ಎಂದರೂ ಹಾಕಬೇಡಿ.